ಹೆಂಡತಿ ಚಳ್ಳಕೆರೆಯ ತವರಿನಲ್ಲಿ: ಡೈವೋರ್ಸ್‌ಗೆ ಮೊದಲು
ಮದುವೆಯಾಗಿ ಎಂಟೇ ತಿಂಗಳು, ಹೆಂಡತಿ ಚಳ್ಳಕೆರೆಯ ತವರಿಗೆ ಹೋಗಿದ್ದಾರೆ, ಹಿರಿಯರು ಡೈವೋರ್ಸ್ ಹಾಕು ಅಂತಿದ್ದಾರೆ ಎಂದಿರಿ. ನೀವು ಹಿಂದೂ ವಿವಾಹ ಕಾಯ್ದೆಗೆ ಬರುವವರಾದರೆ, 14ನೇ ಕಲಂ ಪ್ರಕಾರ ವರ್ಷದೊಳಗೆ ಅರ್ಜಿ ಹಾಕಲು ಕೋರ್ಟಿನ ವಿಶೇಷ ಅನುಮತಿ ಬೇಕು. ಅವಸರ ಬಿಡಿ.

ಚಿತ್ರದುರ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ವ್ಯಾಜ್ಯಪೂರ್ವ ಅರ್ಜಿ, ಅಂದರೆ ಕೇಸು ಹಾಕುವ ಮೊದಲೇ ರಾಜಿ ಮಾತುಕತೆ ನಡೆಸಿ ಎಂದು ಕೇಳುವ ಅರ್ಜಿ ಕೊಡಿ: ಇಬ್ಬರ ವಿಳಾಸ, ಫೋನ್, ಮದುವೆ ತಾರೀಖು, ಜಗಳದ ಕಾರಣ ನಾಲ್ಕು ಸಾಲು. ದೂಷಣೆ ಬರೆಯಬೇಡಿ, ಅದು ಅತ್ತೆಮನೆಯವರ ಕೈಗೆ ಸಿಕ್ಕರೆ ರಾಜಿ ಅಲ್ಲಿಗೇ ಮುಗೀತು. ಮೊದಲು ನಿಮ್ಮಿಬ್ಬರನ್ನೇ ಕೂರಿಸಲು ಕೇಳಿ. ಸೋದರಮಾವ, ಭಾವ ಅಂತ ಹತ್ತು ಜನ ಸೇರಿದರೆ ಮಾತು ಮದುವೆ ಖರ್ಚು, ಬಂಗಾರದ ಕಡೆ ಹೊರಳುತ್ತದೆ. ಬೇರೆ ಮನೆಯೋ, ಸಂಬಳ ಯಾರ ಕೈಗೋ, ತವರಿಗೆ ತಿಂಗಳಿಗೆಷ್ಟು ಸಲವೋ, ಒಪ್ಪಿದ್ದನ್ನು ಬರೆದೇ ಇಡಿ. ‘ಹೊಂದಿಕೊಂಡು ಹೋಗ್ತೀವಿ’ ಅಂತ ಸಹಿ ಹಾಕಿದ್ದು ತಿಂಗಳೂ ಬಾಳಲ್ಲ.

ಹೊಡೆತದ ವಿಷಯವಿದ್ದರೆ ರಾಜಿಗೆ ಒತ್ತಾಯಿಸಬೇಡಿ. ಆಕೆಗೆ 181 ಸಹಾಯವಾಣಿ ಇದೆ.