ಮೊದಲು ಪಾರ್ಕಿಂಗ್ ಅಳೆಯಿರಿ, ಆಮೇಲೆ ಇವಿ9

ವಾಹನ ಪ್ರಶ್ನೋತ್ತರ

ಪ್ರಶ್ನೆ: ಮನೆಯಲ್ಲಿ ಆರು ಜನ. ಹಳೇ ಡೀಸೆಲ್ ಎಸ್‌ಯುವಿ ಕೊಟ್ಟು ಕಿಯಾದ ವಿದ್ಯುತ್ ಕಾರು ಇವಿ9 ತೆಗೆದುಕೊಳ್ಳುವ ಯೋಚನೆ. ತಿಂಗಳಿಗೆ 1,500 ಕಿ.ಮೀ. ಓಡಾಟವಿದೆ. ಹಾಕಿದ ದುಡ್ಡು ಡೀಸೆಲ್ ಉಳಿತಾಯದಲ್ಲಿ ಹುಟ್ಟುತ್ತದೆಯೇ?
– ಓದುಗರು, ಮೈಸೂರು

ಉತ್ತರ: ಹುಟ್ಟುವುದಿಲ್ಲ. ನೂರು ಕಿ.ಮೀ.ಗೆ 25 ಯೂನಿಟ್ (ಕಿಲೋವ್ಯಾಟ್ ಅವರ್) ವಿದ್ಯುತ್ ಹಿಡಿಯಿರಿ. ಚಾರ್ಜ್ ಮಾಡುವಾಗ ಸೋರುವ ಶೇ 10–12 ಸೇರಿಸಿದರೆ ತಿಂಗಳಿಗೆ ಸುಮಾರು 420 ಯೂನಿಟ್. ಯೂನಿಟ್‌ಗೆ 8 ರೂ. ಎಂದರೂ 3,400 ರೂ. ಲೀಟರಿಗೆ 10 ಕಿ.ಮೀ. ಕೊಡುವ ಡೀಸೆಲ್ ಗಾಡಿಗೆ, ಲೀಟರ್ 90 ರೂ.ನಂತೆ, 13,500 ರೂ. ವರ್ಷಕ್ಕೆ ಉಳಿಯುವುದು 1.2 ಲಕ್ಷ. ಈ ಕಾರು 2024ರ ಅಕ್ಟೋಬರ್‌ನಲ್ಲಿ ಬಂದಾಗ ಎಕ್ಸ್‌ಶೋರೂಂ ಬೆಲೆ 1.30 ಕೋಟಿ. 25 ಲಕ್ಷ ಮೀರಿದ ವಿದ್ಯುತ್ ಕಾರಿಗೆ ಕರ್ನಾಟಕ 2024ರಲ್ಲಿ ಶೇ 10ರ ಆಜೀವ ತೆರಿಗೆ ತಂದಿತು. ಅದೇ 13 ಲಕ್ಷ! ಹತ್ತು ವರ್ಷದ ಉಳಿತಾಯ ನೋಂದಣಿ ದಿನವೇ ಕೈಬಿಟ್ಟಿತು.

ಕೊಳ್ಳುವುದಾದರೆ ಕೂರುವ ಸುಖಕ್ಕೆ ಕೊಳ್ಳಿ. 3,100 ಮಿ.ಮೀ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ), ನಡುವೆ ಉಬ್ಬಿಲ್ಲದ ನೆಲ, ಎರಡನೇ ಸಾಲಿನಲ್ಲಿ ಕಾಲು ಚಾಚುವ, ಮಸಾಜ್ ಮಾಡುವ ಎರಡು ಬಿಡಿ ಸೀಟು. ಯೂರೋಪಿನ ಕಾರು ಸುರಕ್ಷತಾ ಪರೀಕ್ಷೆ ಯೂರೋ ಎನ್‌ಕ್ಯಾಪ್‌ನಲ್ಲಿ 2023ರಲ್ಲೇ ಐದು ನಕ್ಷತ್ರ ಸಿಕ್ಕಿದೆ. ಆದರೆ ಆರೂ ಜನ ಕೂತರೆ ಹಿಂದೆ ಉಳಿಯುವ ಜಾಗ 333 ಲೀಟರ್. ಮದುವೆಗೆ ಹೊರಟ ಮನೆಯ ಲಗೇಜು ಅದರಲ್ಲಿ ಹಿಡಿಸುವುದಿಲ್ಲ. ಮುಂದಿನ ಬಾನೆಟ್ಟಿನೊಳಗಿನ 52 ಲೀಟರ್ ಕೇಬಲ್ಲಿಗೇ ಸರಿ. ಬ್ಯಾಟರಿ ನೆಲದಡಿ ಇರುವುದರಿಂದ ಮೂರನೇ ಸಾಲಿನಲ್ಲಿ ಮೊಣಕಾಲು ಎತ್ತರದಲ್ಲೇ ನಿಲ್ಲುತ್ತದೆ. ಮಕ್ಕಳಿಗೆ ಅಡ್ಡಿಯಿಲ್ಲ, ಹಿರಿಯರನ್ನು ದೂರದ ಹಾದಿಗೆ ಅಲ್ಲಿ ಕೂರಿಸಬೇಡಿ. ಟೆಸ್ಟ್ ಡ್ರೈವ್‌ಗೆ ಆರೂ ಮಂದಿ ಹೋಗಿ. ಓಡಿಸುವವರ ಅಭಿಪ್ರಾಯ ಇಲ್ಲಿ ಎರಡನೆಯದು.

ಪ್ರಶ್ನೆ: ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಚಾರ್ಜರ್ ಹಾಕಿಸಲು ಏನೇನು ನೋಡಬೇಕು?
– ಓದುಗರು, ಬೆಂಗಳೂರು

ಉತ್ತರ: ಮೊದಲು ಟೇಪು ಹಿಡಿಯಿರಿ. ಕಾರಿನ ಉದ್ದ 5,015 ಮಿ.ಮೀ., ಕನ್ನಡಿ ಬಿಟ್ಟು ಅಗಲ 1,980. ಎರಡೂವರೆ ಮೀಟರ್ ಅಗಲದ ಜಾಗದಲ್ಲಿ ಪ್ರತಿ ಬದಿಗೆ ಉಳಿಯುವುದು 26 ಸೆಂ.ಮೀ. ಪಕ್ಕ ಕಂಬವಿದ್ದರೆ ಬಾಗಿಲು ತೆರೆದು ಇಳಿಯುವುದೇ ಕಷ್ಟ. ಒಂದರ ಮೇಲೊಂದು ನಿಲ್ಲಿಸುವ ಯಾಂತ್ರಿಕ ಪಾರ್ಕಿಂಗ್ ಆದರೆ ಅದರ ಫಲಕದಲ್ಲಿ ತೂಕದ ಮಿತಿ ಓದಿ. ಕಾರು ಎರಡೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ, ಕಾರು ನಿಲ್ಲುವ ಹಲವು ಪ್ಯಾಲೆಟ್‌ಗಳು (ತಟ್ಟೆಗಳು) ಅಷ್ಟು ತಡೆಯುವುದಿಲ್ಲ.

ಬ್ಯಾಟರಿ 99.8 ಕಿಲೋವ್ಯಾಟ್ ಅವರ್. 15 ಆಂಪ್ಸ್ ಸಾಕೆಟ್‌ನಲ್ಲಿ ಖಾಲಿಯಿಂದ ತುಂಬಲು ಮೂವತ್ತು ಗಂಟೆ ದಾಟುತ್ತದೆ. ಸಿಂಗಲ್ ಫೇಸ್ 7.4 ಕಿಲೋವ್ಯಾಟ್ ಚಾರ್ಜರಿಗೆ ಸುಮಾರು 14 ಗಂಟೆ, ತ್ರೀ ಫೇಸ್ 11 ಕಿಲೋವ್ಯಾಟ್‌ಗೆ 9–10 ಗಂಟೆ. ದಿನಕ್ಕೆ 50 ಕಿ.ಮೀ. ಓಡಾಟಕ್ಕೆ 7.4 ಧಾರಾಳ ಸಾಕು. 11 ಬೇಕೆಂದರೆ ಮನೆಯ ಮಂಜೂರಾದ ಲೋಡ್ ಏರಿಸಬೇಕು, ಇಲ್ಲವೇ ಬೆಸ್ಕಾಂನಿಂದ ಇವಿಗೆಂದೇ ಪ್ರತ್ಯೇಕ ಮೀಟರ್ ಪಡೆಯಬೇಕು. ಸಂಘದ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ.

7.4ಕ್ಕೆ 40 ಆಂಪ್ಸ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಕಡಿಯುವ ಸ್ವಿಚ್), 11ಕ್ಕೆ ನಾಲ್ಕು ಪೋಲಿನ 20 ಆಂಪ್ಸ್. ಎರಡಕ್ಕೂ 30 ಮಿಲಿಆಂಪ್ಸ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್). ಕೇಬಲ್ ತಾಮ್ರದ್ದೇ ಇರಲಿ, 6 ಚದರ ಮಿ.ಮೀ. ಮೀಟರ್ ಬೋರ್ಡಿನಿಂದ ದೂರ ಹೆಚ್ಚಿದ್ದರೆ 7.4ಕ್ಕೆ 10 ಹಾಕಿಸಿ. ಹೆಚ್ಚಿನ ಕಡೆ ಕೈಕೊಡುವುದು ಅರ್ತಿಂಗ್. ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ವೋಲ್ಟೇಜ್ ಏರಿದರೆ ಚಾರ್ಜರ್ ಕೆಂಪು ದೀಪ ತೋರಿಸಿ ನಿಲ್ಲುತ್ತದೆ. ಜನ ಕಾರನ್ನು ಬೈಯುತ್ತಾರೆ, ದೋಷ ಮಾತ್ರ ಒಣಗಿದ ಅರ್ತ್ ಗುಂಡಿಯದು. ಎಲೆಕ್ಟ್ರಿಷಿಯನ್ ಅಳೆದು ತೋರಿಸಿದ ಮೇಲೆಯೇ ಹಣ ಕೊಡಿ.

ಪ್ರಶ್ನೆ: ಬ್ರೋಷರ್‌ನಲ್ಲಿ 561 ಕಿ.ಮೀ. ಎಂದಿದೆ, 24 ನಿಮಿಷದಲ್ಲಿ ಶೇ 80 ಎಂದೂ ಇದೆ. ನಮ್ಮೂರಿಂದ ಬೆಂಗಳೂರಿಗೆ ನಿಲ್ಲದೆ ಹೋಗಬಹುದೇ?
– ಓದುಗರು, ಮಂಗಳೂರು

ಉತ್ತರ: 561 ಪರೀಕ್ಷಾ ಕೋಣೆಯ ಅಂಕಿ. ಎಸಿ ಹಾಕಿ ಹೆದ್ದಾರಿ ವೇಗದಲ್ಲಿ ಹೋದರೆ 400–450. ಶಿರಾಡಿ ಹಾದಿ ಹೆಚ್ಚುಕಡಿಮೆ 350 ಕಿ.ಮೀ., ಅದರ ಮೇಲೆ ಸಮುದ್ರಮಟ್ಟದಿಂದ 900 ಮೀಟರ್ ಏರಿಕೆ. ಜನ, ಲಗೇಜು ಸೇರಿ ಮೂರು ಟನ್ನನ್ನು ಅಷ್ಟೆತ್ತರ ಏರಿಸಲು ಏಳೆಂಟು ಯೂನಿಟ್, ಅಂದರೆ 30 ಕಿ.ಮೀ.ಗೂ ಹೆಚ್ಚಿನ ಓಟ, ಹೆಚ್ಚುವರಿ ಬೇಕು. ತಲುಪಬಹುದು, ಆದರೆ ಉಳಿಯುವ ಅಂಚು ಸಣ್ಣದು. ಹಾಸನದಲ್ಲಿ ಊಟಕ್ಕೆ ನಿಂತಾಗ ಚಾರ್ಜಿಂಗ್ ಗನ್ ಸಿಕ್ಕಿಸಿಬಿಡಿ. ಮರಳುವಾಗ ಇಳಿಜಾರು ನಿಮ್ಮ ಪರ.

24 ನಿಮಿಷ ಎನ್ನುವುದು 350 ಕಿಲೋವ್ಯಾಟ್ ಚಾರ್ಜರಿನ ಮಾತು. ನಮ್ಮ ಹೆದ್ದಾರಿಗಳಲ್ಲಿ ಹೆಚ್ಚಾಗಿ ಸಿಗುವುದು 60ರದ್ದು. ಶೇ 10ರಿಂದ 80ಕ್ಕೆ ಅದರಲ್ಲಿ ಒಂದೂಕಾಲು ಗಂಟೆ ಹಿಡಿಯುತ್ತದೆ, ಪಕ್ಕದ ಗನ್ನಿಗೂ ಕಾರು ಬಂದರೆ ಶಕ್ತಿ ಅರ್ಧವಾಗುತ್ತದೆ. ಇನ್ನೊಂದು ಸೂಕ್ಷ್ಮವಿದೆ: ಮಾರಾಟದ ಭಾಷೆಯಲ್ಲಿ ಇದು 800 ವೋಲ್ಟ್ ವ್ಯವಸ್ಥೆ, ಆದರೆ ಬ್ಯಾಟರಿಯ ನಾಮಿಕ (ಲೆಕ್ಕಕ್ಕೆ ಹಿಡಿಯುವ) ವೋಲ್ಟೇಜ್ 552. ಗನ್ನಿನ ಮಿತಿ 200 ಆಂಪ್ಸ್ ಇದ್ದರೆ ಕೈಗೆ ಬರುವುದು 110 ಕಿಲೋವ್ಯಾಟ್, ಫಲಕದ ಮೇಲೆ 180 ಎಂದು ಬರೆದಿದ್ದರೂ ಅಷ್ಟೇ.

ಸಕಲೇಶಪುರ, ಮಡಿಕೇರಿಯಂಥ ಮೇಲಿನ ಊರಿನಿಂದ ಇಳಿಯುವವರು ಬ್ಯಾಟರಿಯನ್ನು ಪೂರ್ತಿ ತುಂಬಿಸಬೇಡಿ, ಶೇ 85–90ಕ್ಕೆ ನಿಲ್ಲಿಸಿ. ತುಂಬಿದ ಬ್ಯಾಟರಿಗೆ ಇಳಿಜಾರಿನ ವಿದ್ಯುತ್ ಸೇರಿಸಲು ಜಾಗವಿರುವುದಿಲ್ಲ. ಪೆಡಲ್ ಬಿಟ್ಟರೆ ಕಾರು ಎಂದಿನಂತೆ ಹಿಡಿದು ನಿಲ್ಲಿಸುವುದಿಲ್ಲ, ಭಾರವೆಲ್ಲ ಬ್ರೇಕ್ ಪ್ಯಾಡಿನ ಮೇಲೆ.

ಪ್ರಶ್ನೆ: ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಚಾಲೂ ಆಗದೆ ಇರಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಇರಬಹುದು. ಬಾಗಿಲು, ಪರದೆ, ರಿಲೇ ಎಲ್ಲಕ್ಕೂ ಪುಟ್ಟ 12 ವೋಲ್ಟ್ ಬ್ಯಾಟರಿಯೇ ಆಧಾರ. ಅದನ್ನು ತುಂಬಿಸುವ ಐಸಿಸಿಯು ಎಂಬ ಚಾರ್ಜಿಂಗ್ ನಿಯಂತ್ರಣ ಘಟಕದ ಸಲುವಾಗಿ ಇದೇ ತಳಹದಿಯ ಕಿಯಾ ಇವಿ6 ಮತ್ತು ಹುಂಡೈ ಅಯಾನಿಕ್ 5 ಕಾರುಗಳನ್ನು 2024ರಲ್ಲಿ ಭಾರತದಲ್ಲೂ ತಪಾಸಣೆಗೆ ಕರೆಸಿದ್ದರು. 12 ವೋಲ್ಟ್ ಎಚ್ಚರಿಕೆ ಕಂಡರೆ ಮುಂದುವರಿಯದೆ ಸರ್ವಿಸ್‌ಗೆ ಫೋನ್ ಮಾಡಿ.

ಪ್ರಶ್ನೆ: ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿರುವುದಿಲ್ಲ. ಈ ಕಾರಿನಿಂದ ಮನೆ, ತೋಟದ ಪಂಪ್ ನಡೆಸಬಹುದೇ?
– ಓದುಗರು, ಶಿರಸಿ

ಉತ್ತರ: ಮನೆಗೆ ಆಗುತ್ತದೆ. ಕಾರಿನ ಬ್ಯಾಟರಿಯಿಂದ ಹೊರಗಿನ ಉಪಕರಣಕ್ಕೆ ವಿದ್ಯುತ್ ಕೊಡುವ ವಿ2ಎಲ್ ಮೂಲಕ 3.6 ಕಿಲೋವ್ಯಾಟ್‌ವರೆಗೆ ಸಿಗುತ್ತದೆ. ಫ್ರಿಜ್, ದೀಪ, ಮಿಕ್ಸಿ, ವೈಫೈಗೆ ದಿನಕ್ಕೆ 5–6 ಯೂನಿಟ್ ಹಿಡಿದರೂ ಹತ್ತು ದಿನ ತಳ್ಳಬಹುದು. ಬ್ಯಾಟರಿ ಶೇ 30ಕ್ಕೆ ಇಳಿದಾಗ ನಿಲ್ಲುವಂತೆ ಕಾರಿನ ಸೆಟ್ಟಿಂಗ್‌ನಲ್ಲಿ ಮಿತಿ ಇಟ್ಟುಕೊಳ್ಳಿ, ಉಳಿದದ್ದು ಚಾರ್ಜರ್ ಇರುವ ಊರು ಮುಟ್ಟಲು ಬೇಕು. ಎಕ್ಸ್‌ಟೆನ್ಶನ್ ಬೋರ್ಡಿನಿಂದ ನೇರ ಬಳಸಿ. ಹೊರಗಿನ ಲೈನನ್ನು ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ವೈರಿಂಗಿಗೆ ಕೊಟ್ಟರೆ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೇ ಕುತ್ತು.

ತೋಟದ ಐದು ಎಚ್‌ಪಿ ತ್ರೀ ಫೇಸ್ ಮೋಟರು ಇದರಲ್ಲಿ ಓಡುವುದಿಲ್ಲ. ಒಂದು ಎಚ್‌ಪಿ ಸಿಂಗಲ್ ಫೇಸ್ ಕೂಡ ಶುರುವಾಗುವಾಗ ಐದಾರು ಪಟ್ಟು ಕರೆಂಟ್ ಎಳೆಯುವುದರಿಂದ ಟ್ರಿಪ್ ಆಗುವ ಸಂಭವ ಹೆಚ್ಚು. ಅರ್ಧ ಎಚ್‌ಪಿಯ ಬಾವಿ ಪಂಪ್ ಆದರೆ ಬೇರೆಲ್ಲ ಆರಿಸಿ ನೋಡಬಹುದು.