ಮೇಷ್ಟ್ರೇ, ಹುಳು ಎಲ್ಲಿ?

ಪ್ರಿಯ ಮೇಷ್ಟ್ರೇ,

ಚನ್ನಗಿರಿಯಿಂದ ನೀವು ಕಳಿಸಿದ ‘ಬಸವನಹುಳುವಿನ ಡಿಎನ್‌ಎ ಜಾತಕ’ ಓದಿದೆ. ಡಿಎನ್‌ಎ ನೋಡಿ ನೆಲದ ಬಸವನಹುಳುಗಳನ್ನು ವರ್ಗೀಕರಿಸುವ ಬಗ್ಗೆ ನಮ್ಮ ಪತ್ರಿಕೆಗೆ ಯಾರೂ ಬರೆದಿರಲಿಲ್ಲ. ಕೈಬರಹ ಮುದ್ದಾಗಿದೆ, ಕಾಗುಣಿತ ತಪ್ಪಿಲ್ಲ. ಹೊಗಳಿಕೆ ಇಷ್ಟೇ.

ಎರಡನೇ ಪ್ಯಾರಾದಲ್ಲಿ “ಚಿಪ್ಪು ಮೋಸ ಮಾಡುತ್ತದೆ, ಡಿಎನ್‌ಎ ಮೋಸ ಮಾಡುವುದಿಲ್ಲ” ಎಂದಿದ್ದೀರಿ. ಮೊದಲರ್ಧ ಸರಿ. ಹತ್ತಿರದ ನೆಂಟಸ್ತಿಕೆ ಇಲ್ಲದ ಹುಳುಗಳಿಗೂ ಒಂದೇ ಥರದ ಚಿಪ್ಪು ಬರಬಹುದು. ಅದಕ್ಕೇ ಹಿಂದಿನವರು ಹುಳು ಕೊಯ್ದು, ಜನನಾಂಗ ನೋಡಿ ಪ್ರಭೇದ ಗುರುತಿಸುತ್ತಿದ್ದರು. ಎರಡನೇ ಅರ್ಧಕ್ಕೆ ಕೆಂಪು ಪೆನ್ನು ತೆಗೆದೆ.

ಯಾಕೆಂದರೆ ಮುಂದಿನ ಸಾಲು ಹೀಗಿದೆ: “ಶೇ. 3ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಅದು ಬೇರೆ ಪ್ರಭೇದ.” ಈ ಅಳತೆ ಯಾರದ್ದು ಗೊತ್ತಾ? 2003ರಲ್ಲಿ ಕೆನಡಾದ ಪಾಲ್ ಹೆಬರ್ಟ್ ತಂಡ, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದ ಒಂದು ಜೀನಿನ ತುಣುಕನ್ನು ಬಾರ್‌ಕೋಡ್ ಮಾಡಿಕೊಳ್ಳೋಣ ಎಂದಿತು. ಸುಮಾರು 650 ಅಕ್ಷರದ ತುಣುಕು. ಶೇ. 3 ಅವರು ಪತಂಗ, ಚಿಟ್ಟೆಗಳಿಗೆ ಎಳೆದ ಗೆರೆ. ಪತಂಗ ಹಾರುತ್ತದೆ ಸ್ವಾಮಿ! ಬಸವನಹುಳು ಬೇಲಿ ದಾಟುವುದೇ ಕಷ್ಟ. ಒಂದೊಂದು ಗುಂಪು ಒಂದೊಂದು ಮೂಲೆಯಲ್ಲಿ ಬಹಳ ಕಾಲ ಉಳಿದುಬಿಡುತ್ತದೆ. ತಾಯಿ ಕಡೆಯಿಂದ ಬರುವ ಈ ಡಿಎನ್‌ಎಯಲ್ಲಿ ಅಂತರ ಬೆಳೆಯಲು ಅದೂ ಒಂದು ಕಾರಣ ಎನ್ನುತ್ತಾರೆ. (ಹೆಚ್ಚಿನ ನೆಲದ ಬಸವನಹುಳುಗಳು ಗಂಡೂ ಹೌದು, ಹೆಣ್ಣೂ ಹೌದು. ಇಲ್ಲಿ ತಾಯಿ ಎಂದರೆ ಮೊಟ್ಟೆ ಇಟ್ಟಿದ್ದು.) ಯುರೋಪಿನ ಸೆಪಿಯಾ ನೆಮೊರಾಲಿಸ್ ಎಂಬ ಒಂದೇ ಪ್ರಭೇದದೊಳಗೆ ಶೇ. 10ಕ್ಕೂ ಜಾಸ್ತಿ ವ್ಯತ್ಯಾಸ ಇರುವುದು 1996ರಲ್ಲೇ ಗೊತ್ತಾಗಿತ್ತು. ನಿಮ್ಮ ಗೆರೆ ಎಳೆದರೆ ಅದು ಚೂರುಚೂರು. ಅದಕ್ಕೇ ಕೋಶಕೇಂದ್ರದ ಜೀನುಗಳನ್ನೂ ನೋಡುತ್ತಾರೆ, ಕೊಯ್ದು ನೋಡುವುದನ್ನೂ ಬಿಟ್ಟಿಲ್ಲ.

ಉಲ್ಟಾ ಉದಾಹರಣೆ ನಿಮ್ಮ ಅಡಿಕೆ ತೋಟದಲ್ಲೇ ಇದೆ. ಆಫ್ರಿಕನ್ ಬಸವನಹುಳು 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತಾಗೆ ಬಂತು. ಈಗ ಬಕೆಟ್‌ಗಟ್ಟಲೆ ಆರಿಸಿದರೂ ಮುಗಿಯಲ್ಲ. ಆದರೆ ಆಫ್ರಿಕಾದಿಂದ ಆಚೆಗೆ ಅದರ ಡಿಎನ್‌ಎಯಲ್ಲಿ ವೈವಿಧ್ಯ ತೀರಾ ಕಮ್ಮಿ. ಹೊರಟಿದ್ದೇ ಕೆಲವು ಹುಳು, ಅಲ್ವಾ? ಇಂಥದ್ದನ್ನು “ಪೀಡೆಯೂ ಆಗಿದೆ” ಎಂಬ ಒಂದು ಮಾತಲ್ಲಿ ಮುಗಿಸಿದ್ದೀರಲ್ಲ, ನನಗೆ ಸಿಟ್ಟು ಬಂದಿದ್ದು ಅಲ್ಲೇ.

ಇನ್ನೊಂದು, ನಾಲ್ಕನೇ ಪ್ಯಾರಾ: “ಮಾದರಿಗಳನ್ನು ಸಂಗ್ರಹಿಸಿ ಡಿಎನ್‌ಎ ಬೇರ್ಪಡಿಸಲಾಗುತ್ತದೆ.” ಹೇಗೆ? ದಾವಣಗೆರೆಯಲ್ಲಿ ನಾನು ಕೆಲಸ ಕಲಿಯುವಾಗ ಹಿರಿಯ ಉಪಸಂಪಾದಕರೊಬ್ಬರಿದ್ದರು. ಪಕ್ಕದಲ್ಲಿ ಮಂಡಕ್ಕಿ ಪೊಟ್ಟಣ, ಕೈಯಲ್ಲಿ ನಮ್ಮ ಕಾಪಿ. ಹತ್ತಿ ದರ ಇಳಿದ ಸುದ್ದಿ ಬರೆದುಕೊಟ್ಟರೆ “ಹತ್ತಿ ಮುಟ್ಟಿ ನೋಡಿದ್ಯೇನಪ್ಪಾ? ನೆಂದಿತ್ತಾ?” ಅನ್ನೋರು. ಇಲ್ಲ ಅಂದರೆ ಮತ್ತೆ ಮಾರ್ಕೆಟ್ಟಿಗೆ ಸೈಕಲ್ ತುಳಿಯಬೇಕು. ಎಷ್ಟು ಬೈದುಕೊಂಡಿದ್ದೇನೋ ಅವರನ್ನು. ಈಗ ಅದೇ ಪ್ರಶ್ನೆ ನಿಮಗೆ: ಹುಳು ಮುಟ್ಟಿದ್ದೀರಾ? ಮುಟ್ಟಿದ್ದರೆ ಲೋಳೆ ಮರೆಯುತ್ತಿರಲಿಲ್ಲ. ಹುಳುವಿನ ಪಾದದಿಂದ ಚೂರು ಮಾಂಸ ಕತ್ತರಿಸಿ ಆಲ್ಕೋಹಾಲ್‌ನಲ್ಲಿ ಇಡುತ್ತಾರೆ. ಫಾರ್ಮಲಿನ್‌ನಲ್ಲಿಟ್ಟರೆ ಡಿಎನ್‌ಎ ಕೆಡುತ್ತದೆ. ಆಮೇಲೆ ಬೆರಳಿಗೆ ಅಂಟುವ ಆ ಲೋಳೆಯೇ ಡಿಎನ್‌ಎ ಜೊತೆ ಬಂದು, ಡಿಎನ್‌ಎ ತುಣುಕಿನ ನಕಲು ತೆಗೆಯುವ ಪಿಸಿಆರ್‌ಗೆ ಅಡ್ಡಗಾಲು ಹಾಕುತ್ತದೆ. ಅದನ್ನು ತೆಗೆಯಲು ಸಿಟಿಎಬಿ ಎಂಬ ರಾಸಾಯನಿಕ ಬಳಸುವುದುಂಟು. ಓದುಗನಿಗೆ ಇದು ಬೇಕು.

ಒಂದು ಮಳೆ ಬಿದ್ದ ರಾತ್ರಿ ಟಾರ್ಚ್ ಹಿಡಿದು ತೋಟಕ್ಕೆ ಹೋಗಿ ಬಂದು, ಮತ್ತೆ ಬರೆಯಿರಿ. ಒಣಗಾಲ ಬಂದರೆ ಹುಳು ಮಣ್ಣಿಗಿಳಿದು ಚಿಪ್ಪಿನ ಬಾಯಿ ಮುಚ್ಚಿಕೊಂಡು ಕೂರುತ್ತದೆ, ಹಾಗಾಗಿ ದೀಪಾವಳಿಯೊಳಗೆ ಕಳಿಸಿ. “ವಿಜ್ಞಾನದ ಮಹಿಮೆ ಅಪಾರ” ಎಂಬ ಕೊನೆಯ ಪ್ಯಾರಾ ಮತ್ತೆ ಬರೆಯುವುದು ಬೇಡ. ಅದನ್ನು ನಾನೇ ಹೊಡೆದು ಹಾಕಿದ್ದೇನೆ.

ಇಂತಿ,
ಸಂಪಾದಕ