ಡೈರಿಯ ಮೇಲೆ ಕೈ ಇಟ್ಟುಕೊಂಡವರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರು ನನ್ನ ಹತ್ತಿರ ಸಲಹೆಗೆ ಬಂದಿದ್ದು ರಾತ್ರಿ ನಿದ್ದೆ ಬರಲ್ಲ ಅಂತ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಚಾರ್ಜ್. ಎರಡನೇ ಭೇಟಿಯಲ್ಲಿ ವಿಷಯ ಹೊರಬಿತ್ತು. ಒಂದು ಲಾಟ್ ಬುಷ್ (ಯಂತ್ರದ ಭಾಗಗಳ ನಡುವೆ ಕೂರುವ ಲೋಹದ ಸಣ್ಣ ಕೊಳವೆ) ಪೂರ್ತಿ ವಾಪಸ್ ಬಂದಿತ್ತು. ಲೋಹ ಗಟ್ಟಿಯಾಗಲು ಕುಲುಮೆಯಲ್ಲಿ ಕಾಯಿಸುವ ಹೀಟ್ ಟ್ರೀಟ್‌ಮೆಂಟ್ ಸರಿಯಾಗಿರಲಿಲ್ಲ. ಅದು ಇವರಿಗೆ ಮೊದಲೇ ಗೊತ್ತಿತ್ತು.

"ಮೀಟಿಂಗಿಗೆ ಬಂದ ಓನರ್ ಬಾಗಿಲಲ್ಲೇ 'ಸಂಜೆ ಗಾಡಿ ಹೊರಡುತ್ತೆ, ಯಾರದ್ದೂ ತಕರಾರಿಲ್ಲ ಅಲ್ವಾ?' ಅಂದರು ಮೇಡಂ. ಎಲ್ಲರೂ ಹೂಂ ಅಂದರು. ನಾನೂ ಕೋಲೆ ಬಸವನ ಹಾಗೆ ತಲೆ ಅಲ್ಲಾಡಿಸಿದೆ. ಡೈರಿಯಲ್ಲಿ '20ಕ್ಕೆ 3 ಫೇಲ್' ಅಂತ ಬರೆದಿದ್ದೆ. ಅದರ ಮೇಲೆ ಕೈ ಇಟ್ಟುಕೊಂಡು ಟೀ ಕುಡಿದೆ."

ಲಾಟ್ ವಾಪಸ್ ಬಂದ ಮೇಲೆ ಪ್ರೊಡಕ್ಷನ್ ಸೂಪರ್‌ವೈಸರ್ ಇವರ ಹತ್ತಿರ ಬಂದು, "ಆವತ್ತು ಕುಲುಮೆ ಎರಡು ಸಲ ಟ್ರಿಪ್ ಆಗಿ ನಿಂತಿತ್ತು, ನನಗೂ ಅನುಮಾನ ಇತ್ತು" ಅಂದರಂತೆ. ಮತ್ತೆ ಯಾಕೆ ಸುಮ್ಮನಿದ್ದರು? ಇವರು ಸುಮ್ಮನಿದ್ದರಲ್ಲ, ಅದಕ್ಕೆ! ಒಬ್ಬರ ಮೌನ ಇನ್ನೊಬ್ಬರಿಗೆ ಒಪ್ಪಿಗೆಯಾಗಿ ಕಂಡಿತ್ತು.

"ನಾನು ಹೇಡಿ" ಅನ್ನುತ್ತಿದ್ದರು. ಅಮೆರಿಕದ ಕೆನಡಿ ಸರ್ಕಾರದ ಕಥೆ ಹೇಳಿದೆ. 1961ರಲ್ಲಿ ಕ್ಯೂಬಾ ಮೇಲಿನ ದಾಳಿ ಬೇಡ ಅಂತ ಸಲಹೆಗಾರ ಆರ್ಥರ್ ಶ್ಲೆಸಿಂಜರ್ ಅಧ್ಯಕ್ಷರಿಗೆ ಬರೆದೂ ಕೊಟ್ಟಿದ್ದರು. ಸಭೆಯಲ್ಲಿ ಮಾತ್ರ ಹೆಚ್ಚುಕಡಿಮೆ ಮೌನ. ದಾಳಿ ಮಣ್ಣುಮುಕ್ಕಿತು. ಮುಂದಿನ ವರ್ಷ ಕ್ಯೂಬಾದಲ್ಲಿದ್ದ ಸೋವಿಯತ್ ಕ್ಷಿಪಣಿಗಳ ಬಿಕ್ಕಟ್ಟಿನಲ್ಲಿ ಕೆನಡಿ ಕೆಲವು ಸಭೆಗಳಿಗೆ ಬೇಕೆಂದೇ ಹೋಗಲಿಲ್ಲ, ಉಳಿದವರು ಬಾಯಿ ಬಿಡಲಿ ಅಂತ. ಇದನ್ನು ಕೇಳಿ ಅವರು ಮೊದಲ ಸಲ ನಕ್ಕರು. "ನಮ್ಮ ಓನರ್ ಮೀಟಿಂಗ್ ಬಿಡಲ್ಲ ಮೇಡಂ, ಬೋಂಡ ಅವರೇ ತರಿಸೋದು."

ನನ್ನ ಮೊದಲ ಸಲಹೆ ಕೆಟ್ಟಿತು. ಪ್ರತಿ ಮೀಟಿಂಗಿನಲ್ಲೂ ಒಬ್ಬರು ಬೇಕಂತಲೇ ವಿರೋಧ ಮಾತಾಡಲಿ ಅಂದಿದ್ದೆ. ಮೂರೇ ವಾರಕ್ಕೆ ಅದು ತಮಾಷೆಯಾಯಿತು. "ಇವತ್ತು ನಿನ್ನ ಪಾಳಿ, ಬೈಯಪ್ಪ" ಅಂತ ನಗು. ನಾಟಕದ ವಿರೋಧಕ್ಕೆ ಯಾರೂ ಹೆದರುವುದಿಲ್ಲ ಅಂತ ನನಗೆ ಹೊಳೆಯಬೇಕಿತ್ತು.

ಆಮೇಲೆ ಎರಡೇ ಹೇಳಿದೆ. ಮೀಟಿಂಗಿಗೆ ಮುಂಚೆ ಆ ಸೂಪರ್‌ವೈಸರ್ ಜೊತೆ ಐದು ನಿಮಿಷ ಕೂತು ಮಾತಾಡಿ. 1950ರ ದಶಕದಲ್ಲಿ ಮನೋವಿಜ್ಞಾನಿ ಸಾಲೊಮನ್ ಆಶ್ ಗೆರೆಗಳ ಉದ್ದ ಹೋಲಿಸುವ ಪ್ರಯೋಗ ಮಾಡಿದ್ದರು. ಸುತ್ತಲಿನವರೆಲ್ಲ ತಪ್ಪು ಹೇಳಿದಾಗ ಸುಮಾರು ಮೂರನೇ ಒಂದು ಪಾಲು ಉತ್ತರಗಳು ಅವರ ಕಡೆ ವಾಲಿದವು. ಸರಿ ಹೇಳುವ ಒಬ್ಬನೇ ಒಬ್ಬ ಜೊತೆಗಿದ್ದಾಗ ಅದು ತುಂಬ ಇಳಿಯಿತು. ಇನ್ನೊಂದು, ಓನರ್‌ಗೆ "ನೀವು ಕಡೆಗೆ ಮಾತಾಡಿ ಸರ್" ಅನ್ನಲು ಆಗಲ್ಲ, ಬೇಡ. ಅವರು ಬರುವ ಮುಂಚೆಯೇ ಟೇಬಲ್ ಮೇಲೆ ಒಂದು ಹಾಳೆ ಇರಲಿ. ಒಬ್ಬೊಬ್ಬರೂ ತಮ್ಮ ವಿಭಾಗದ ಅಂಕಿ ಬರೆದಿಡಲಿ.

ಕಳೆದ ತಿಂಗಳು ಒಂದು ಗಾಡಿ ಒಂದು ದಿನ ನಿಂತಿತು. ಹಾಳೆಯಲ್ಲಿ "20ಕ್ಕೆ 2" ಇತ್ತು, ಪಕ್ಕದಲ್ಲೇ ಸೂಪರ್‌ವೈಸರ್ ಕುಲುಮೆ ಟ್ರಿಪ್ ಆದ ಸಮಯ ಬರೆದಿದ್ದರು. ಓನರ್ ಎರಡು ದಿನ ಇಬ್ಬರ ಜೊತೆಯೂ ಸರಿಯಾಗಿ ಮಾತಾಡಲಿಲ್ಲವಂತೆ. ಮೂರನೇ ದಿನ ಒಳಗೆ ಬಂದವರೇ, "20ಕ್ಕೆ ಎಷ್ಟು?" ಅಂದರಂತೆ.